ಪ್ರತಿ ಸ್ಟಾಪಿನಲ್ಲೂ ನಿಲ್ಲುವ ಸೈಕಲ್ಲು

ನನ್ನ ಬಾಯಿ ಜೋರು. ಬೀದಿಯವರು ಹೇಗೂ ಹೇಳಿಯೇ ಹೇಳುತ್ತಾರೆ, ನಾನೇ ಮೊದಲು ಹೇಳಿಬಿಟ್ಟರೆ ಅವರಿಗೆ ಶ್ರಮ ತಪ್ಪುತ್ತದೆ. ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುವುದು ನನ್ನ ಕಸುಬು. ಹೊಲಿಗೆ ಮಿಷನ್ನಿನ ಸದ್ದಿಗಿಂತ ಮೇಲೆ ಮಾತಾಡಿ ಮಾತಾಡಿ ಗಂಟಲು ಹೀಗಾಯಿತು ಎಂದು ನಾನು ಹೇಳುತ್ತೇನೆ. ಮಿಷನ್ನು ಬರುವ ಮುಂಚೆಯೂ ಹೀಗೇ ಇತ್ತು ಎಂದು ನಮ್ಮವರು ಹೇಳುತ್ತಾರೆ. ಅವರ ಮಾತನ್ನೇನೂ ನಂಬಬೇಡಿ.

ನಮ್ಮವರು ಸಿಟಿ ಬಸ್ಸಿನ ಡ್ರೈವರ್. ತಲೆ ನರೆಯುವ ತನಕ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದರು. ರೈಲ್ವೆ ಸ್ಟೇಷನ್ನಿನಿಂದ ಹೊರಟು ಮಾರ್ಕೆಟ್ಟು, ಆಸ್ಪತ್ರೆ, ಗ್ರಂಥಾಲಯ, ನಮ್ಮ ಬಡಾವಣೆ ದಾಟಿ, ನೀರಿನ ಟ್ಯಾಂಕಿನ ಹತ್ತಿರ ಹೆದ್ದಾರಿ ಸೇರಿ, ಕೊನೆಗೆ ಕೆರೆಯ ದಂಡೆ. ನಿವೃತ್ತರಾಗಿ ಸ್ವಲ್ಪ ಕಾಲಕ್ಕೇ ಕಣ್ಣು ಕೈಕೊಟ್ಟಿತು. ಒಳಗೊಳಗೇ ಒತ್ತಡ ಏರುತ್ತಿತ್ತಂತೆ, ನೋವಿಲ್ಲ, ಕೆಂಪಿಲ್ಲ, ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅವರಿಗೆ ಹಗಲು ಯಾವುದು ಸಂಜೆ ಯಾವುದು ಎಂಬುದಷ್ಟೇ ಕಾಣುತ್ತದೆ.

ಕಣ್ಣಿಲ್ಲದವರು ಎಷ್ಟು ಜನ ಓಡಾಡಿಕೊಂಡಿಲ್ಲ ಹೇಳಿ? ನಮ್ಮವರ ಕಷ್ಟ ಬೇರೆ. ಅವರಿಗೆ ಇನ್ನೊಬ್ಬರು ಕರೆದುಕೊಂಡು ಹೋಗುವುದು ಎಂದರೆ ಆಗದು. ಮದುವೆಯಾದ ಹೊಸತರಲ್ಲೂ ಬೇರೆಯವರ ಗಾಡಿಯಲ್ಲಿ ಕೂತರೆ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಾ ಕೂರುತ್ತಿದ್ದರು. ಈಗ ನಾನು ತೋಳು ಹಿಡಿದು ನಡೆಸಿದರೆ ಹೆಜ್ಜೆಗೊಂದು ಆಕ್ಷೇಪಣೆ.

"ಏನೇ ಇದು, ಇಂಡಿಕೇಟರ್ ಹಾಕದೆ ತಿರುಗ್ತೀಯ!"

"ರೀ, ನಾನು ಬಸ್ಸಲ್ಲ, ನಿಮ್ಮ ಹೆಂಡ್ತಿ!"

"ಬಸ್ಸಾಗಿದ್ರೆ ಮಾತು ಕೇಳ್ತಿತ್ತು."

ಹೀಗೆ ಜಗಳವಾಡಿಕೊಂಡಾದರೂ ಹೊರಗೆ ಹೋಗುತ್ತಿದ್ದೆವು. ಆಮೇಲೆ ಅದೂ ನಿಂತಿತು. ಮೊದಲು ಸಂಜೆಯ ವಾಕಿಂಗ್ ಬಿಟ್ಟರು, ಆಮೇಲೆ ಗಡ್ಡ ಕೆರೆಯುವುದನ್ನು ಬಿಟ್ಟರು, ಆಮೇಲೆ ಊಟ ಅರ್ಧಕ್ಕರ್ಧ ಇಳಿಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆಂದರೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಒಂದು ದಿನ ನಾನು ಪರದೆಗೆ ಅಂಚು ಮಡಿಸುತ್ತಿದ್ದಾಗ ತಣ್ಣಗೆ ಹೇಳಿದರು, "ಗಾಡಿ ಡಿಪೋಗೆ ಬಿಟ್ಟಾಯ್ತು ಕಣೇ. ಇನ್ನು ಹೊರಗೆ ತೆಗೆಯೋ ಕೆಲಸ ಇಲ್ಲ." ಈ ಮನುಷ್ಯ ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಬೈದು ಸುಮ್ಮನಾಗುತ್ತಿದ್ದೆ. ಅವರು ಸಿಟ್ಟಾಗಿರಲಿಲ್ಲ, ಅದೇ ಭಯ. ಹೀಗೇ ಬಿಟ್ಟರೆ ಕುರ್ಚಿಯಲ್ಲಿ ಕೂತಲ್ಲೇ ಒಂದು ದಿನ ಮುಗಿದುಹೋಗುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ಆಗ ಬಂದವರು ಸೀಟಿ ಮೇಡಂ. ನಿವೃತ್ತ ಆಟದ ಟೀಚರು, ಕುತ್ತಿಗೆಯಲ್ಲಿ ಸದಾ ಸೀಟಿ, ಮಾತೆಲ್ಲ ಅಪ್ಪಣೆ. ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಅವರು ಒಂದು ಜೋಡಿ ಸೈಕಲ್ ಬಳಗ ನಡೆಸುತ್ತಾರೆ. ಒಂದೇ ಉದ್ದನೆಯ ಸೈಕಲ್ಲು, ಎರಡು ಸೀಟು, ಎರಡು ಜೊತೆ ಪೆಡಲು, ತಿರುಗುವ ಹ್ಯಾಂಡಲ್ಲು ಮುಂದಿನವರಿಗೆ ಮಾತ್ರ. ಹಿಂದಿನವರಿಗೆ ಹಿಡಿದುಕೊಳ್ಳಲು ಒಂದು ಕಂಬಿ, ಅಷ್ಟೆ. ಒಂದು ಸೀಟಿನಲ್ಲಿ ವಯಸ್ಸಾದವರು, ಇನ್ನೊಂದರಲ್ಲಿ ಎಳೆಯರು. ಯಾರು ಮುಂದೆ ಯಾರು ಹಿಂದೆ ಎಂಬುದಕ್ಕೆ ವಯಸ್ಸಿನ ಲೆಕ್ಕವಿಲ್ಲ. ಹೊಟ್ಟೆಯವರೆಗೆ ಗಡ್ಡ ಬಿಟ್ಟ ಬೇಕರಿ ತಾತ ಮುಂದೆ ಕೂತು ಓಡಿಸಿದರೆ, ಅವರ ಹಿಂದೆ ಹುಟ್ಟಿನಿಂದ ದೃಷ್ಟಿಯಿಲ್ಲದ ಕಾಲೇಜು ಹುಡುಗ ಕೂರುತ್ತಾನೆ. ಮೇಡಮ್ಮಿನ ಕಾನೂನು ಎರಡೇ. ಮುಂದೆ ಕೂತವರ ಬಾಯಿ ನಿಲ್ಲಬಾರದು, ಎಡ, ಬಲ, ಗುಂಡಿ, ಹಂಪು ಎಂದು ಎಲ್ಲವನ್ನೂ ಮೊದಲೇ ಕೂಗಿ ಹೇಳಬೇಕು. ಹಿಂದೆ ಕೂತವರ ಕಾಲು ನಿಲ್ಲಬಾರದು. ಎರಡೂ ಪೆಡಲು ಒಂದೇ ಸರಪಳಿಗೆ ಕಟ್ಟುಬಿದ್ದಿರುತ್ತವೆ, ಒಬ್ಬರ ಕಾಲು ನಿಂತರೆ ಇನ್ನೊಬ್ಬರ ಕಾಲೂ ನಿಂತುಹೋಗುತ್ತದೆ.

ಮೇಡಂ ನಮ್ಮ ಮನೆಗೆ ಬಂದು "ಸೈಕಲ್ ಹತ್ತಿ" ಎಂದಿದ್ದರೆ ನಮ್ಮವರು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಆ ಪುಣ್ಯಾತ್ಗಿತ್ತಿ ಹಾಗೆ ಕೇಳಲೇ ಇಲ್ಲ.

"ಡ್ರೈವರ್ ಸಾಹೇಬ್ರೇ, ನಮ್ಮ ಒಂದು ಸೈಕಲ್ ಬ್ರೇಕು ಕೀಚ್ ಅಂತ ಕೂಗುತ್ತೆ. ಅಂಗಡಿಯೋನು ಮೂರು ಸಲ ಬಿಚ್ಚಿ ಹಾಕಿದ. ನೀವೊಂದು ಸಲ ಕೇಳಿ ಹೇಳ್ತೀರಾ?"

ನಮ್ಮವರ ಕಿವಿ ನೆಟ್ಟಗಾಯಿತು. "ಹಿಡಿದಾಗ ಕೂಗುತ್ತೋ, ಬಿಟ್ಟಾಗ ಕೂಗುತ್ತೋ?"

"ಅದೇ ನಂಗೆ ತಿಳಿಯಲ್ಲ."

"ಎಂಥ ಜನರಪ್ಪಾ," ಎಂದು ಗೊಣಗುತ್ತಲೇ ಎದ್ದು ಚಪ್ಪಲಿ ಹುಡುಕಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದ ಕೆಲವೇ ಗಳಿಗೆಗಳಲ್ಲಿ ಅದೂ ಒಂದು.

ಬ್ರೇಕು ಕೂಗುತ್ತಿದ್ದುದು ನಿಜವೇ, ಮೇಡಂ ಸುಳ್ಳು ಹೇಳಿರಲಿಲ್ಲ. ಆದರೆ ಓಡುವಾಗ ಮಾತ್ರ ಕೂಗುತ್ತಿತ್ತು, ಹಾಗಾಗಿ ಕೇಳಬೇಕಾದರೆ ಹತ್ತಲೇಬೇಕು. ನಮ್ಮವರು ಗಡ್ಡ ತುರಿಸಿಕೊಳ್ಳುತ್ತಾ ಅಂಗಳದಲ್ಲಿ ನಿಂತರು. ಎಲ್ಲರೂ ತಮ್ಮ ಪಾಡಿಗೆ ತಾವು ಟೈರಿಗೆ ಗಾಳಿ ಹೊಡೆಯುತ್ತಾ ಇದ್ದರು, ಒಬ್ಬರೂ "ಹತ್ತಿ, ಹತ್ತಿ" ಎನ್ನಲಿಲ್ಲ. ಆ ಬಳಗದವರನ್ನು ನಾನು ಮೆಚ್ಚಿದ್ದು ಅಲ್ಲಿಂದಲೇ. ಕೊನೆಗೆ ನಮ್ಮವರೇ, "ಯಾರು ಓಡಿಸೋದು?" ಎಂದರು.

ಮೇಡಂ ಒಬ್ಬ ಹುಡುಗಿಯನ್ನು ಮುಂದೆ ತಂದು ನಿಲ್ಲಿಸಿದರು. ಕಾಲೇಜಿನ ಮೊದಲ ವರ್ಷ, ಕಡ್ಡಿಯಂಥ ಮೈ, ಕಾಲು ಮಾತ್ರ ಗಟ್ಟಿ. ಬಳಗದಲ್ಲಿ ಎಲ್ಲರೂ ಅವಳನ್ನು ಹೂಂಪುಟ್ಟಿ ಎನ್ನುತ್ತಿದ್ದರು. ಏನು ಕೇಳಿದರೂ ಹೂಂ, ಹೆಚ್ಚೆಂದರೆ ಊಹೂಂ. ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಹಗಲು ಮಲಗುತ್ತಾರೆ. ಒಂದೇ ಕೋಣೆಯ ಮನೆ. ಅಮ್ಮನಿಗೆ ಎಚ್ಚರವಾಗಬಾರದೆಂದು ಪಾತ್ರೆ ಸದ್ದಾಗದಂತೆ ಇಡುವುದನ್ನು, ಬಾಗಿಲು ಸದ್ದಾಗದಂತೆ ಎಳೆಯುವುದನ್ನು ಕಲಿತ ಮಗು, ಕೊನೆಗೆ ತನ್ನ ಗಂಟಲನ್ನೂ ಹಾಗೆಯೇ ಎಳೆದು ಮುಚ್ಚಿಕೊಂಡಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ಅನಿಸಿದ್ದು, ನಮ್ಮ ಬಾಯಿಬಡುಕರಿಗೆ ಈ ಮೂಗಿಯನ್ನು ಜೋಡಿ ಮಾಡಿದ ಮೇಡಮ್ಮಿಗೆ ತಲೆ ಕೆಟ್ಟಿದೆ ಎಂದು.

ಅಂಗಳದಲ್ಲಿ ಎರಡು ಸುತ್ತು ಚೆನ್ನಾಗಿಯೇ ಆಯಿತು. ನಮ್ಮವರು ಕಿವಿ ಬಗ್ಗಿಸಿ ಕೇಳಿ, "ಹಿಂದಿನ ಗಾಲಿ, ರಬ್ಬರ್ ಸವೆದಿದೆ," ಎಂದು ತೀರ್ಪು ಕೊಟ್ಟರು. ಹೂಂಪುಟ್ಟಿ "ಹೂಂ" ಎಂದಳು. ಗೇಟು ದಾಟಿ ಬೀದಿಗೂ ಹೋದರು. ನಾನು ಗೇಟಿನ ಕಂಬ ಹಿಡಿದು ನಿಂತೆ. ಗ್ರಂಥಾಲಯದ ಬಸ್ ಸ್ಟಾಪು ಬಂದದ್ದೇ ತಡ, ನಮ್ಮವರ ಎರಡೂ ಕಾಲು ಗಕ್ಕನೆ ನಿಂತವು. ಎಡಗಾಲು ನೆಲಕ್ಕೆ ಹೋಯಿತು. ಮುಂದಿದ್ದವಳ ಪೆಡಲೂ ಕಚ್ಚಿ ನಿಂತಿತು. ಸೈಕಲ್ಲು ಒಂದು ಕಡೆ, ಹುಡುಗಿ ಒಂದು ಕಡೆ, ನಮ್ಮವರು ಇನ್ನೊಂದು ಕಡೆ.

ಜೀವ ಬಾಯಿಗೆ ಬಂದು ಓಡಿದೆ. ನಮ್ಮವರಿಗೆ ಏನೂ ಆಗಿರಲಿಲ್ಲ. ಹುಡುಗಿಯ ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಸ್ಟಾಪ್ ಬಂತು ಅಂತ ಒಂದು ಮಾತು ಹೇಳೋಕೆ ಏನಾಗಿತ್ತೇ? ಬಾಯಿಗೆ ಹೊಲಿಗೆ ಹಾಕ್ಕೊಂಡಿದೀಯಾ?" ಎಂದು ನಾನು ಕೂಗಿದೆ. ಆ ಮಗು ರಕ್ತ ಒರೆಸಿಕೊಳ್ಳುತ್ತಾ ನಮ್ಮವರ ಕೈ ಹಿಡಿದು ಎಬ್ಬಿಸುತ್ತಿತ್ತು.

ಮನೆಗೆ ಬಂದು ನಮ್ಮವರು ಕುರ್ಚಿಯಲ್ಲಿ ಕೂತರು. ಟೀ ಮುಟ್ಟಲಿಲ್ಲ. ಆಮೇಲೆ ಹೇಳಿದರು, "ಅಲ್ಲಿ ರಸ್ತೆ ಸ್ವಲ್ಪ ತಗ್ಗು ಕಣೇ. ನಮ್ಮ ಬಸ್ಸುಗಳೇ ನಿಂತು ನಿಂತು ತಗ್ಗು ಮಾಡಿದ್ದು. ಗಾಲಿ ಅದಕ್ಕಿಳೀತು, ತಗಡಿನ ಸೂರು ಕೆಳಗೆ ಸದ್ದು ಬದಲಾಯ್ತು, ಕಾಲು ತಾನೇ ನಿಂತ್ಹೋಯ್ತು. ನಾನು ನಿಲ್ಸಿದ್ದಲ್ಲ."

"ಆಯ್ತು ಬಿಡಿ, ಯಾರಿಗೆ ಏನಾಯ್ತು ಈಗ?"

"ಇಷ್ಟು ವರ್ಷ ಒಬ್ಬ ಪ್ಯಾಸೆಂಜರನ್ನ ಬೀಳಿಸಿದೋನಲ್ಲ. ಕಣ್ಣು ಹೋದ್ಮೇಲೆ ಹೋಗಿ ಒಂದು ಮಗೂನ ಬೀಳಿಸ್ದೆ. ಇನ್ನು ಆ ಮಾತು ಎತ್ತಬೇಡ."

ನಾನು ಎತ್ತಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ. ಒಂದು ಸಲ ಹೊರಗೆ ಬಂದಿದ್ದ ಗಾಡಿ ಮತ್ತೆ ಡಿಪೋಗೆ ಹೋಗಿತ್ತು, ಈ ಸಲ ಬೀಗವನ್ನೂ ಅವರೇ ಹಾಕಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಯಾರೋ ಬಾಗಿಲನ್ನು ಉಗುರಿನಲ್ಲಿ ಕೆರೆದಂತೆ ತಟ್ಟಿದರು. ತೆರೆದರೆ ಹೂಂಪುಟ್ಟಿ. ಮೊಣಕೈಗೆ ಅಚ್ಚುಕಟ್ಟಾದ ಬ್ಯಾಂಡೇಜು, ನರ್ಸಮ್ಮನ ಕೆಲಸ. ನೇರವಾಗಿ ಒಳಗೆ ಹೋಗಿ ನಮ್ಮವರ ಕುರ್ಚಿಯ ಎದುರು ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ತಾತಾ, ತಪ್ಪು ನಂದು. ನಾನು ಕೂಗಿ ಹೇಳಬೇಕಿತ್ತು. ಹೇಳಲಿಲ್ಲ."

ಅಷ್ಟು ಉದ್ದದ ಮಾತು ಅವಳ ಬಾಯಲ್ಲಿ ಬಳಗದವರು ಕೂಡ ಕೇಳಿರಲಿಕ್ಕಿಲ್ಲ.

"ನಿಂದೇನೂ ಇಲ್ಲಮ್ಮ. ನನ್ನ ಕಾಲು ಸ್ಟಾಪ್ ದಾಟಲ್ಲ. ಅದಕ್ಕೆ ಅಭ್ಯಾಸ ಆಗ್ಹೋಗಿದೆ. ನಿಂಗೆ ಬೇರೆ ಯಾರಾದ್ರೂ ಸಿಗ್ತಾರೆ, ಹೋಗು."

ಅವಳು ಹೋಗಲಿಲ್ಲ. ಯೋಚಿಸಿದಳು. "ಹಾಗಾದ್ರೆ ನಿಲ್ಸೋಣ."

"ಏನನ್ನ?"

"ಸೈಕಲ್ಲನ್ನ. ಎಲ್ಲಾ ಸ್ಟಾಪಲ್ಲೂ. ನಿಮ್ಮ ಕಾಲು ನಿಲ್ಲೋ ಮುಂಚೆ ನಾನೇ ನಿಲ್ಲಿಸ್ತೀನಿ."

"ಜೋಡಿ ಸೈಕಲ್ಲಿಗೆ ಯಾರೇ ಹತ್ತುತ್ತಾರೆ?"

"ಯಾರೂ ಹತ್ತೋದು ಬೇಡ. ಸುಮ್ನೆ ನಿಲ್ಸೋಣ."

ನಮ್ಮವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಆ ನಗು ನಮ್ಮ ಮನೆ ಬಿಟ್ಟು ಹೋಗಿ ಎಷ್ಟು ಕಾಲವಾಗಿತ್ತೋ!

"ನಿಲ್ಸೋದಾದ್ರೆ ಕ್ರಮವಾಗಿ ನಿಲ್ಸಬೇಕು," ಎಂದರು ನಮ್ಮವರು. "ಕಂಡಕ್ಟರ್ ಹೋಲ್ಡಾನ್ ಅನ್ನದೆ ನಾನು ಗಾಡಿ ನಿಲ್ಲಿಸಿದೋನಲ್ಲ, ರೈಟ್ ಅನ್ನದೆ ಎತ್ತಿದೋನೂ ಅಲ್ಲ. ಅನ್ನು ನೋಡೋಣ."

"ಹೋಲ್ಡಾನ್," ಎಂದಳು ಹುಡುಗಿ, ಔಷಧಿ ಅಂಗಡಿಯಲ್ಲಿ ನಾಚಿಕೆಯ ಕಾಯಿಲೆಗೆ ಮಾತ್ರೆ ಕೇಳುವವಳ ಹಾಗೆ.

"ಕೇಳಿಸಲಿಲ್ಲ. ಬಸ್ಸು ಮುಂದೆ ಹೋಯ್ತು. ಇಳಿಯೋರು ಬೈತಿದಾರೆ."

"ಹೋಲ್ಡಾನ್."

"ಏನೇ, ನೀನು ಮಿಷನ್ನು ತುಳಿ," ಎಂದು ನನಗೆ ಅಪ್ಪಣೆಯಾಯಿತು. "ಇಂಜಿನ್ ಸದ್ದಿಲ್ಲದೆ ಹುಡುಗಿಗೆ ಅಭ್ಯಾಸ ಆಗಲ್ಲ."

ನಾನು ತುಳಿದೆ. ದಪ್ಪ ಪರದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟು, ಮಿಷನ್ನು ನರಳುವ ಹಾಗೆ ತುಳಿದೆ. ಅವಳು ಕೂಗಿದಳು, ನಮ್ಮವರು ತಲೆ ಅಲ್ಲಾಡಿಸಿದರು. ಮತ್ತೆ ಕೂಗಿದಳು. ಅವಳ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು. ಪಾಪ ಅನಿಸಿ ನಾನು ನಿಧಾನ ಮಾಡಹೊರಟರೆ ಹುಡುಗಿಯೇ ನನ್ನ ಕಡೆ ತಿರುಗಿ, "ತುಳೀರಿ ಅಜ್ಜೀ!" ಎಂದು ಗದರಿದಳು. ಆಮೇಲೆ ಕಣ್ಣು ಮುಚ್ಚಿ, ಎರಡು ಮುಷ್ಟಿ ಬಿಗಿದು, "ಹೋಲ್ಡಾನ್!" ಎಂದು ಕಿರುಚಿದ ಕಿರುಚಿಗೆ ಪಕ್ಕದ ಮನೆಯಾಕೆ ಓಡಿ ಬಂದು, ಯಾರು ಬಿದ್ದರು ಎಂದು ಕೇಳಿದಳು.

"ಯಾರೂ ಬೀಳಲಿಲ್ಲ. ಗಾಡಿ ನಿಂತಿತು," ಎಂದರು ನಮ್ಮವರು.

ಅವತ್ತಿನಿಂದ ನಮ್ಮ ಊರಿನ ಬೀದಿಯಲ್ಲಿ ಒಂದು ವಿಚಿತ್ರ ಕಾಣಿಸತೊಡಗಿತು. ಬಳಗದ ಸೈಕಲ್ಲುಗಳೆಲ್ಲ ಸುಯ್ಯೆಂದು ಹೋಗುತ್ತವೆ. ಒಂದು ಮಾತ್ರ ಪ್ರತಿ ಬಸ್ ಸ್ಟಾಪಿನಲ್ಲೂ ಎಡಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಹುಡುಗಿ "ಆಸ್ಪತ್ರೇ! ಆಸ್ಪತ್ರೆ ಇಳಿಯೋರು!" ಎಂದು ಕೂಗುತ್ತಾಳೆ. ಇಬ್ಬರೂ ಕಾಲೂರಿ ಯಾರೂ ಇಳಿಯದಿರುವುದನ್ನು ತಾಳ್ಮೆಯಿಂದ ಕಾಯುತ್ತಾರೆ. ಆಮೇಲೆ "ರೈಟ್, ರೈಟ್" ಎಂದು ಹೊರಡುತ್ತಾರೆ. ಮೊದಮೊದಲು ಸ್ಟಾಪಿನಲ್ಲಿ ನಿಂತ ಜನ ಬಾಯಿಬಿಟ್ಟುಕೊಂಡು ನೋಡಿದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಮಾರ್ಕೆಟ್ ಸ್ಟಾಪಿನಲ್ಲಿ ಹೂ ಮಾರುವವನು, "ತಾತ, ಸೀಟು ಖಾಲಿ ಇದೆಯಾ?" ಎನ್ನುತ್ತಿದ್ದ. ನಮ್ಮವರು, "ಫುಲ್ ಲೋಡಪ್ಪಾ," ಎನ್ನುತ್ತಿದ್ದರು.

ಬೇರೆಯವರೆಲ್ಲ ಬಂದು ಟೀ ಕುಡಿದು ಬನ್ನು ತಿಂದು ಮುಗಿಸಿದ ಮೇಲೆ ಇವರ ಸವಾರಿ ಅಂಗಳಕ್ಕೆ ಬರುತ್ತಿತ್ತು.

"ನಿಮ್ದು ಸೈಕಲ್ಲೋ ಪ್ಯಾಸೆಂಜರ್ ರೈಲೋ?" ಎಂದು ಸೀಟಿ ಮೇಡಂ ರೇಗುತ್ತಿದ್ದರು. ರೇಗುತ್ತಲೇ ಎರಡು ಲೋಟದ ಮೇಲೆ ಮುಚ್ಚಿಟ್ಟಿದ್ದ ತಟ್ಟೆ ತೆಗೆಯುತ್ತಿದ್ದರು. ಬೇಕರಿ ತಾತ ಒಂದು ದಿನವೂ ಇವರಿಗೆ ಬನ್ನು ಎತ್ತಿಡಲು ಮರೆತವರಲ್ಲ. ಕಾಲೇಜು ಹುಡುಗರು ತಾವು ಹೊರಡುವುದು ಬಿಟ್ಟು ಕಾದು ಕೂತಿರುತ್ತಿದ್ದರು. ಒಂದೇ ರಕ್ತವಲ್ಲ, ಒಂದೇ ಬೀದಿಯವರೂ ಅಲ್ಲ. ಯಾಕೆ ಕಾಯಬೇಕಿತ್ತು ಅವರು?

ಹುಡುಗಿಗೆ ಸ್ಟಾಪಿನ ಹೆಸರು ಕೂಗಿ ಕೂಗಿ ಗಂಟಲು ತೆರೆದುಕೊಂಡಿತು. ಒಮ್ಮೆ ತೆರೆದದ್ದು ಮುಚ್ಚಲೇ ಇಲ್ಲ. ನಮ್ಮವರು ಬಿಡಬೇಕಲ್ಲ! "ಮೂಲೆ ಅಂಗಡಿ ಬಾಗಿಲು ತೆಗೆದಿದಾನಾ? ಸಿಗ್ನಲ್ಲಲ್ಲಿ ಯಾವ ಗಾಡಿ ನಿಂತಿದೆ? ಡ್ರೈವರ್ ಯೂನಿಫಾರ್ಮ್ ಹಾಕಿದಾನಾ, ಗುಂಡಿ ಬಿಚ್ಕೊಂಡಿದಾನಾ?" ಅವಳು ಎಲ್ಲಕ್ಕೂ ಉತ್ತರ ಕೊಡಬೇಕು, ಬರೀ ಹೂಂ ಎಂದರೆ ಇವರು ಪೆಡಲು ತುಳಿಯುವುದಿಲ್ಲ. ಒಂದು ಸಂಜೆ ಆ ನರ್ಸಮ್ಮ ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳು ಮೊನ್ನೆ ಅಡುಗೆ ಮಾಡುತ್ತಾ ಹಾಡು ಹೇಳಿಕೊಂಡಳಂತೆ, ಇವರಿಗೆ ಎಚ್ಚರವಾಯಿತಂತೆ. "ಎಚ್ಚರ ಆಗಿದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ ಅಮ್ಮಾ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಏನು ಮಾಡಿದ್ದೆ? ಮಿಷನ್ನು ತುಳಿದಿದ್ದೆ, ಅಷ್ಟೆ.

ಇತ್ತ ನಮ್ಮವರು ದಿನಾ ಗಡ್ಡ ಕೆರೆದು, ಬೆಳಿಗ್ಗೆಯೇ ಬಾಗಿಲಿಗೆ ಬಂದು ನಿಲ್ಲುವಂತಾದರು. ಊಟ ಮೊದಲಿನಂತಾಯಿತು. ಪರವಾಗಿಲ್ಲ, ಬದುಕಿಕೊಂಡರು ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಕೆರೆ ಸವಾರಿ ಬಂತು.

ವರ್ಷಕ್ಕೊಮ್ಮೆ ಬಳಗದವರೆಲ್ಲ ಕೆರೆಯ ದಂಡೆಯ ತನಕ ಹೋಗಿ ಅಲ್ಲೇ ಊಟ ಮಾಡಿ ಬರುತ್ತಾರೆ. ನೀರಿನ ಟ್ಯಾಂಕಿನ ಆಚೆ ಹೆದ್ದಾರಿ. ಅಲ್ಲಿಯೂ ಸ್ಟಾಪುಗಳಿವೆ, ಆದರೆ ಹಿಂದೆಯೇ ಬಸ್ಸು, ಲಾರಿ ವೇಗವಾಗಿ ಬರುತ್ತವೆ. ಮೇಡಂ ನಮ್ಮ ಮನೆಗೇ ಬಂದು ಕೂತು, ಸೀಟಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಕಷ್ಟಪಟ್ಟು ಹೇಳಿದರು.

"ಸಾಹೇಬ್ರೇ, ಹೆದ್ದಾರೀಲಿ ಸ್ಟಾಪಿಗೆ ಸೈಕಲ್ ನಿಲ್ಸೋಕೆ ನಾನು ಬಿಡಲ್ಲ. ನಿಲ್ಲದೆ ಹೋಗ್ತೀರಾದ್ರೆ ಬನ್ನಿ. ಕಾಲು ನಿಂತು ಅಲ್ಲೇನಾದ್ರೂ ಬಿದ್ರೆ, ಆ ಹುಡುಗಿ ಗತಿ ಏನು?"

ಮೇಡಮ್ಮಿನ ಮಾತು ಸರಿ.

"ನೀವು ಹೇಳಿದ್ದು ನ್ಯಾಯ," ಎಂದರು ನಮ್ಮವರು. "ನನ್ನ ಕಾಲಿನ ಭರವಸೆ ನಂಗೇ ಇಲ್ಲ. ಮಗೂನ ಕರ್ಕೊಂಡು ಹೋಗಿ, ನಾನು ಬರಲ್ಲ."

"ತಾತ ಬರದಿದ್ರೆ ನಾನೂ ಹೋಗಲ್ಲ," ಎಂದಳು ಹೂಂಪುಟ್ಟಿ. ಈಗ ಅವಳ ಬಾಯಿಗೂ ಅಂಕೆಯಿಲ್ಲ.

ಹಗ್ಗಜಗ್ಗಾಟವಾಗಿ ಕೊನೆಗೆ ಒಂದು ಒಪ್ಪಂದವಾಯಿತು. ನಮ್ಮವರು ನೀರಿನ ಟ್ಯಾಂಕ್ ಸ್ಟಾಪಿನ ತನಕ ಹೋಗುವುದು, ಅಲ್ಲಿ ಇಳಿಯುವುದು. ಅವರ ಸೀಟಿಗೆ ಸೀಟಿ ಮೇಡಂ ಹತ್ತಿ ಮುಂದೆ ಹೋಗುವುದು. ನಾನು ಸ್ಟಾಪಿನಲ್ಲಿ ಕಾದಿದ್ದು ನಮ್ಮವರನ್ನು ಬಸ್ಸಿನಲ್ಲಿ ಮನೆಗೆ ಕರೆತರುವುದು. ನಮ್ಮವರು ಎಲ್ಲದಕ್ಕೂ ಆಗಲಿ ಎಂದರು. ಆದರೆ ಮೇಡಂ ಹೋದ ಮೇಲೆ ಅದೇ ಕುರ್ಚಿಗೆ ಹೋಗಿ ಕೂತರು, ಅದೇ ತಣ್ಣನೆಯ ಮುಖ. ಅರ್ಧ ದಾರಿಯಲ್ಲಿ ಇಳಿಸಿದ ಮೇಲೆ ಈ ಮನುಷ್ಯ ಇನ್ನೊಮ್ಮೆ ಸೈಕಲ್ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರನ್ನು ನಾನಲ್ಲದೆ ಇನ್ಯಾರು ಬಲ್ಲರು?

ಆ ಬೆಳಿಗ್ಗೆ ನಾನೂ ಮೇಡಮ್ಮೂ ಮುಂಚೆಯೇ ಹೋಗಿ ಟ್ಯಾಂಕಿನ ಸ್ಟಾಪಿನಲ್ಲಿ ನಿಂತೆವು. ಮೇಡಂ ಹೆಲ್ಮೆಟ್ಟು ಬಿಗಿದು, ಪ್ಯಾಂಟಿನ ತುದಿಗೆ ಕ್ಲಿಪ್ಪು ಹಾಕಿ ತಯಾರು. ನನ್ನ ಚೀಲದಲ್ಲಿ ನಮ್ಮವರ ಸ್ವೆಟರು, ನೀರಿನ ಬಾಟಲಿ. ಒಂದೊಂದೇ ಸೈಕಲ್ಲು ನಮ್ಮನ್ನು ದಾಟಿ ಹೆದ್ದಾರಿಗೆ ಏರಿತು. ಬೇಕರಿ ತಾತನ ಗಡ್ಡ ಗಾಳಿಗೆ ಹೆಗಲ ಮೇಲೆ ಹೋಗಿತ್ತು, ಹಿಂದಿನ ಹುಡುಗ ಅದನ್ನು ಕೈಯಿಂದ ಸರಿಸುತ್ತಾ ಬೈಯುತ್ತಿದ್ದ. ಕೊನೆಗೆ ನಮ್ಮವರ ಸೈಕಲ್ಲು ತಿರುವಿನಲ್ಲಿ ಕಾಣಿಸಿತು.

ಅವರ ಮಾತು ಮೊದಲು ಕೇಳಿಸಿತು. ಹುಡುಗಿ ಒಂದೇ ಸಮನೆ ಹೇಳುತ್ತಿದ್ದಳು. "ಬಲಕ್ಕೆ ಟ್ಯಾಂಕು ತಾತ, ಮೇಲೆ ಯಾರೋ ಬಣ್ಣ ಹಚ್ತಿದಾರೆ, ಅರ್ಧ ನೀಲಿ ಅರ್ಧ ಹಳೇದು. ಹಿಂದೆ ಗಾಡಿ ಇಲ್ಲ. ಎಡಕ್ಕೆ ಸ್ಟಾಪು. ಅಜ್ಜಿ ನಿಂತಿದಾರೆ, ಚೀಲ ಹಿಡ್ಕೊಂಡಿದಾರೆ, ಮುಖ ಗಂಟು ಹಾಕ್ಕೊಂಡಿದಾರೆ. ಮೇಡಂ ಇದಾರೆ. ತಗ್ಗು ಬರ್ತಿದೆ. ಹೋಲ್ಡಾನ್!"

ನಾನು ನಮ್ಮವರ ಕಾಲನ್ನೇ ನೋಡುತ್ತಿದ್ದೆ. ಗಾಲಿ ತಗ್ಗಿಗೆ ಇಳಿಯಿತು. ಕಾಲು ಒಂದು ಗಳಿಗೆ ತಡೆಯಿತು. ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡವು. ನಾನು ಚೀಲ ಹೆಗಲಿಗೇರಿಸಿ ಅವರನ್ನು ಹಿಡಿದುಕೊಳ್ಳಲು ಮುಂದೆ ಹೆಜ್ಜೆಯಿಟ್ಟೆ.

"ರೈಟ್!" ಎಂದು ಕೂಗಿದರು ನಮ್ಮವರು. "ರೈಟ್, ರೈಟ್! ಹೋಗ್ತಾ ಇರು ಮಗಳೇ!"

ಹುಡುಗಿ ಒಂದು ಸಲ ಹಿಂದಕ್ಕೆ ನೋಡಿದವಳು, ಮರುಗಳಿಗೆ ಹ್ಯಾಂಡಲ್ಲಿನ ಮೇಲೆ ಬಗ್ಗಿದಳು. ನಾಲ್ಕು ಕಾಲು ಒಟ್ಟಿಗೆ ತುಳಿದವು. ಸೈಕಲ್ಲು ತಗ್ಗಿನಿಂದ ಎದ್ದು, ನಮ್ಮ ಮೂಗಿನ ಮುಂದೆಯೇ ಹಾದು, ಹೆದ್ದಾರಿಗೆ ಏರಿತು.

"ರೀ! ನಿಲ್ಲಿ! ನಾನಿಲ್ಲೇ ಇದೀನಲ್ರೀ!" ಎಂದು ಕೂಗುತ್ತಾ ನಾನು ನಾಲ್ಕು ಹೆಜ್ಜೆ ಓಡಿದೆ.

ನಮ್ಮವರು ತಿರುಗಲಿಲ್ಲ. "ಮುಂದಿನ ಬಸ್ಸಿಗೆ ಬನ್ರೀ!" ಎಂದು ಕೂಗಿದರು.

ಅಯ್ಯೋ ಇವರ! ಕಟ್ಟಿಕೊಂಡ ಹೆಂಡತಿಯನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವುದಲ್ಲದೆ, ದಾರಿಹೋಕಳಂತೆ ಬನ್ರೀ ಬೇರೆ! ಮೇಡಂ ಸೀಟಿ ಬಾಯಿಗಿಟ್ಟುಕೊಂಡರು, ಊದಲಿಲ್ಲ. ಹೆಲ್ಮೆಟ್ಟಿನ ಕೆಳಗೆ ಅವರ ಗಲ್ಲ ನಡುಗುತ್ತಿತ್ತು. ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಇಬ್ಬರಿಗೂ ಒಟ್ಟಿಗೇ ನಗು ಒತ್ತರಿಸಿ ಬಂತು. ಸ್ಟಾಪಿನ ಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಮುಂದಿನ ಬಸ್ಸು ಬಂತು. ಹತ್ತಿ ಮುಂದಿನ ಸೀಟಿನಲ್ಲಿ ಕೂತೆವು.

"ಎಲ್ಲಿಗಮ್ಮಾ?" ಎಂದ ಕಂಡಕ್ಟರು.

"ಒಂದು ಉದ್ದ ಸೈಕಲ್ ಹೋಯ್ತಲ್ಲಪ್ಪಾ, ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ಕೆರೆ, ಎರಡು," ಎಂದರು ಮೇಡಂ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ಅಂಚಿನಲ್ಲಿ ಅವರಿಬ್ಬರ ಬೆನ್ನು ಕಂಡಿತು. ಕುರ್ಚಿಯಲ್ಲಿ ಬಾಗಿ ಬಾಗಿ ಗೂನಾಗಿದ್ದ ಬೆನ್ನು ಅದೇನಾ ಎಂದು ನನಗೇ ಅನುಮಾನವಾಯಿತು, ಅಷ್ಟು ನೆಟ್ಟಗಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಚೆನ್ನಾಗಿ ಬೈಯಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಬಸ್ಸು ಅವರನ್ನು ದಾಟುವಾಗ ನಮ್ಮವರು ಇಂಜಿನ್ನಿನ ಸದ್ದು ಕೇಳಿ ಮುಖವನ್ನು ಸ್ವಲ್ಪ ಇತ್ತ ತಿರುಗಿಸಿದರು. ಕಂಬಿಯಿಂದ ಬಲಗೈ ತೆಗೆದು, ಎದೆಯ ಮಟ್ಟಕ್ಕೆ ಎತ್ತಿ ಇಳಿಸಿದರು. ಎದುರುಬದುರಾಗುವ ಡ್ರೈವರುಗಳು ಒಬ್ಬರಿಗೊಬ್ಬರು ತೋರಿಸುವ ಕೈ ಅದು.

ನಮ್ಮ ಬಸ್ಸಿನ ಡ್ರೈವರು ಮೀಸೆ ಈಗಷ್ಟೇ ಮೂಡಿದ ಹುಡುಗ. ನಮ್ಮವರು ನಿವೃತ್ತರಾದಾಗ ಅವನು ಶಾಲೆಯಲ್ಲಿದ್ದಿರಬೇಕು. ಅವನ ಕೈಯೂ ಸ್ಟಿಯರಿಂಗಿನಿಂದ ತಾನಾಗಿ ಎದ್ದು ಇಳಿಯಿತು.

"ಯಾರೋ ಅದು, ಗೊತ್ತಾ?" ಎಂದು ಕಂಡಕ್ಟರು ಕೇಳಿದ.

"ಗೊತ್ತಿಲ್ಲ," ಎಂದ ಡ್ರೈವರು ಕನ್ನಡಿಯಲ್ಲಿ ನೋಡುತ್ತಾ. "ಯಾರೋ ನಮ್ಮೋರೇ. ಡ್ರೈವರ್ರು."

ನಾನು ಹೌದಪ್ಪಾ ಎನ್ನಬೇಕೆಂದುಕೊಂಡೆ. ಚೀಲದಿಂದ ನಮ್ಮವರ ಸ್ವೆಟರು ತೆಗೆದು ಮುಖ ಒರೆಸಿಕೊಂಡೆ, ಮೇಡಂ ನನ್ನ ಕೈ ಹಿಡಿದುಕೊಂಡರು.